ಸರಾಯಿ ವಾಸನೆ, ಸವೆದ ಬ್ರೇಕು

ಠಾಣೆಯಿಂದ ಪೇದೆ ಸೈಕಲ್ ತುಳಿದುಕೊಂಡು ಬಂದಾಗ ನಾನು ಇಟ್ಟಮಡು ಪಕ್ಕದ ಬಂಡೆಯ ಮೇಲೆ ನಿಂತು, ಎರಡನೇ ಲೋಡಿನ ರೇಟು ಕುದುರಿಸುತ್ತಿದ್ದೆ. ಜಯನಗರದಲ್ಲಿ ಒಂದಾದ ಮೇಲೊಂದು ಬ್ಲಾಕು ಏಳುತ್ತಿದ್ದ ಕಾಲ ಅದು. ತಳಪಾಯಕ್ಕೆ ಸೈಜುಗಲ್ಲು ಎಷ್ಟು ಕೊಟ್ಟರೂ ಸಾಲುತ್ತಿರಲಿಲ್ಲ. ನನ್ನದು ಒಂದೇ ಲಾರಿ, ಅದಕ್ಕೆ ಒಬ್ಬನೇ ಡ್ರೈವರು.

"ನಿಮ್ಮ ಗಾಡಿ ಯಡಿಯೂರು ಇಳಿಜಾರಲ್ಲಿ ಒಬ್ಬನಿಗೆ ಹೊಡೆದಿದೆ. ಡ್ರೈವರು ಕುಡಿದಿದ್ದಾನೆ. ಸಾಹೇಬ್ರು ಕರೀತಾವ್ರೆ" ಅಂದ ಪೇದೆ.

"ಸತ್ನಾ?"

"ಇಲ್ಲ. ಕಾಲು ಮುರಿದೈತೆ. ದೊಡ್ಡಾಸ್ಪತ್ರೇಲವ್ನೆ."

ಸತ್ತಿಲ್ಲ ಅಂದ ತಕ್ಷಣ ನನ್ನ ಮನಸ್ಸು ಖರ್ಚಿನ ಲೆಕ್ಕಕ್ಕೆ ಇಳಿಯಿತು. ಈಗ ನೆನೆಸಿಕೊಂಡರೆ ನಾಚಿಕೆ. ಆದರೆ ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕು ಅಂತಲೇ ಕೂತಿದ್ದೇನೆ. ಒಂದೋ ಎರಡೋ ಗಾಡಿ ಇಟ್ಟುಕೊಂಡು, ಇನ್ನೊಬ್ಬರ ಕೈಗೆ ಸ್ಟೇರಿಂಗು ಕೊಟ್ಟು ಬದುಕುವ ನನ್ನಂಥವರು ಇದನ್ನು ಓದಿದರೆ ಒಳ್ಳೆಯದು.

ಅವತ್ತು ಬೆಳಗ್ಗೆ ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. ಬಂಡೆಯಲ್ಲಿ ಹೊಸ ಮುಖ ತೆಗೆಯುವ, ಅಂದರೆ ಹೊಸ ಕಡೆಯಿಂದ ಕಲ್ಲು ಒಡೆಯಲು ಶುರುಮಾಡುವ ದಿನ ಮುನೇಶ್ವರನಿಗೆ ಕೋಳಿ, ಕಾಯಿ, ಸರಾಯಿ ಕೊಡುವುದು ಕಲ್ಲು ಒಡೆಯುವವರ ಪದ್ಧತಿ. ಸರಾಯಿಯನ್ನು ಮೊದಲು ಬಂಡೆಯ ಮೇಲೆ ಸುರಿಯುತ್ತಾರೆ. ಉಳಿದದ್ದು ಪ್ರಸಾದ. ಮೊದಲ ಲೋಡು ಒಯ್ಯುವ ಡ್ರೈವರು ಅದನ್ನು ಮುಟ್ಟಲೇಬೇಕು, ಇಲ್ಲದಿದ್ದರೆ ಆಳುಗಳು ಕಲ್ಲು ತುಂಬುವುದಿಲ್ಲ. ಡ್ರೈವರು ಎರಡು ಹೆಜ್ಜೆ ಹಿಂದೆ ಸರಿದಿದ್ದ.

"ಗಾಡಿ ಮೇಲಿದ್ದೀನಿ ಯಜಮಾನ್ರೇ. ಹಣೆಗೆ ಒತ್ಕೊಂಡ್ರೆ ಸಾಲ್ದಾ?"

"ಲೋ, ದೇವರದ್ದು ಕಣೋ. ಒಂದು ಗುಟುಕು. ಲೇಟಾಗ್ತಿದೆ, ಕೈ ಹಿಡಿ" ಅಂದೆ. ಅವನ ಬೊಗಸೆಗೆ ಸುರಿದವನು ನಾನೇ.

ಇನ್ನೊಂದು ವಿಷಯವೂ ಇತ್ತು. ಹದಿನೈದು ದಿನದಿಂದ ಅವನು ಬ್ರೇಕಿನ ಬಗ್ಗೆ ಹೇಳುತ್ತಲೇ ಇದ್ದ. ಹಿಂದಿನ ಗಾಲಿಗಳ ಲೈನಿಂಗು ಸವೆದು ರಿವೆಟ್ಟು ಡ್ರಮ್ಮಿಗೆ ಉಜ್ಜುತ್ತಿತ್ತು. ಎಡಗಡೆ ಬ್ರೇಕಿನ ಎಣ್ಣೆ ಜಿನುಗುತ್ತಿತ್ತು. ಪೆಡಲನ್ನು ಮೂರು ಸಲ ಒತ್ತಿದರೆ ಹಿಡಿಯುತ್ತಿತ್ತು, ಒಂದೇ ಸಲಕ್ಕೆ ಹಿಡಿಯುತ್ತಿರಲಿಲ್ಲ. "ಈ ವಾರದ ಲೋಡು ಮುಗೀಲಿ, ಭಾನುವಾರ ಬಿಚ್ಚಿಸೋಣ" ಅಂದಿದ್ದೆ. ಹಾಗೆ ಎರಡು ಭಾನುವಾರ ಕಳೆದಿದ್ದವು.

ಠಾಣೆಯಲ್ಲಿ ಡ್ರೈವರು ಗೋಡೆಗೆ ಒರಗಿ ನೆಲದ ಮೇಲೆ ಕೂತಿದ್ದ. ಅಂಗಿಯ ಎದೆಯ ಮೇಲೆಲ್ಲ ರಕ್ತ.

"ನಿನಗೇನಾದ್ರೂ ಪೆಟ್ಟಾಯ್ತೇನೋ?"

"ನನ್ನದಲ್ಲ ಯಜಮಾನ್ರೇ. ಅವರದ್ದು. ಹೊತ್ಕೊಂಡು ಹೋದ್ನಲ್ಲ."

ಗಾಯಗೊಂಡವರು ಯಡಿಯೂರಿನ ಒಬ್ಬ ಟೈಲರು. ಬಟ್ಟೆಯ ಗಂಟನ್ನು ಕ್ಯಾರಿಯರಿಗೆ ಕಟ್ಟಿಕೊಂಡು ಅಡ್ಡರಸ್ತೆಯಿಂದ ಸೈಕಲ್ಲಿನಲ್ಲಿ ಬಂದಿದ್ದರು. ಲಾರಿಯ ಬ್ರೇಕು ಹಿಡಿಯಲಿಲ್ಲ. ಡ್ರೈವರು ಗಾಡಿಯನ್ನು ಎಡಕ್ಕೆ ಎಳೆದು, ಕಟ್ಟುತ್ತಿದ್ದ ಮನೆಯೊಂದರ ಮುಂದಿನ ಜಲ್ಲಿ ರಾಶಿಗೆ ನುಗ್ಗಿಸಿದ್ದ. ಅಷ್ಟರಲ್ಲಿ ಮಡ್‌ಗಾರ್ಡು ಟೈಲರ ಬಲಗಾಲಿಗೆ ಬಡಿದಿತ್ತು. ಓಡಿಹೋಗದೆ ಅವರನ್ನು ಹೆಗಲ ಮೇಲೆ ಹಾಕಿಕೊಂಡು, ಜಟಕಾ ಹಿಡಿದು ಆಸ್ಪತ್ರೆಗೆ ಸೇರಿಸಿದವನೂ ಇವನೇ. ಅಲ್ಲಿದ್ದ ಪೇದೆಯ ಮೂಗಿಗೆ ವಾಸನೆ ಬಡಿದದ್ದು ಆಗ.

ಇನ್‌ಸ್ಪೆಕ್ಟರು ಮೂರು ಕಲಮು ಓದಿದರು. ಕುಡಿದ ಅಮಲಿನಲ್ಲಿ ವಾಹನ ಓಡಿಸಿದ್ದು, ಮೋಟಾರು ಕಾಯಿದೆಯ ನೂರ ಹದಿನೇಳು. ಸಾರ್ವಜನಿಕ ರಸ್ತೆಯಲ್ಲಿ ದುಡುಕಿನಿಂದ ಓಡಿಸಿದ್ದು, ದಂಡಸಂಹಿತೆಯ ಇನ್ನೂರ ಎಪ್ಪತ್ತೊಂಬತ್ತು. ಅಜಾಗ್ರತೆಯಿಂದ ಭಾರೀ ಗಾಯ ಮಾಡಿದ್ದು, ಮುನ್ನೂರ ಮೂವತ್ತೆಂಟು. ಜಾಮೀನು ಕೊಟ್ಟು ಡ್ರೈವರನ್ನು ಬಿಡಿಸಿಕೊಂಡೆ. ಅವನ ಲೈಸೆನ್ಸು ಅಲ್ಲೇ ಉಳಿಯಿತು. ಗಾಡಿಯ ಮುಂದಿನ ಆಕ್ಸಲ್ಲು ಡೊಂಕಾಗಿತ್ತು. ಪರೀಕ್ಷೆಗೆ ಬಂದ ಅಧಿಕಾರಿ ಸುತ್ತ ಒಂದು ಸಲ ನಡೆದು, 'ಓಡಿಸಲಾಗದ ಸ್ಥಿತಿಯಲ್ಲಿದೆ, ಬ್ರೇಕು ಪರೀಕ್ಷಿಸಲು ಆಗಲಿಲ್ಲ' ಅಂತ ಬರೆದುಕೊಂಡು ಹೋದರು. ನಾನು ಪಕ್ಕದಲ್ಲೇ ನಿಂತಿದ್ದೆ. ಬಾಯಿ ಬಿಡಲಿಲ್ಲ.

ಕೋರ್ಟಿನ ಕಾಂಪೌಂಡಿನಲ್ಲಿ ಮರದ ಕೆಳಗೆ ಅರ್ಜಿ ಬರೆಯುವವನೊಬ್ಬ ಇದ್ದ. ಅವನ ಮುಂದೆ ಕೂತು ಮೂರೂ ಕಲಮು ಹೇಳಿದೆ. ತರಕಾರಿ ರೇಟು ಹೇಳುವ ಹಾಗೆ ಹೇಳಿದ: "ಮೂರರಲ್ಲಿ ಕುಡಿದ ಕೇಸೇ ಅಗ್ಗ ಸ್ವಾಮಿ. ಮೂರು ತಿಂಗಳೊಳಗಿನ ಜೈಲು, ಇಲ್ಲಾ ಜುಲ್ಮಾನೆ. ಮೊದಲನೇ ಸಲ ಅಂದ್ರೆ ಬರೀ ಜುಲ್ಮಾನೆ ಹಾಕಿ ಬಿಡ್ತಾರೆ. ಗಾಯದ ಕೇಸು ಎರಡು ವರ್ಷದ ತನಕ ಹೋಗತ್ತೆ. ಕುಡಿದಿದ್ದು ನಿಜ ಅಂತ ಮೊದಲೇ ಒಪ್ಕೊಂಡ್ಬಿಡಿ. ಮ್ಯಾಜಿಸ್ಟ್ರೇಟ್ ಸಾಹೇಬ್ರಿಗೂ ಕರುಣೆ ಬರತ್ತೆ. ಮಿಕ್ಕಿದ್ದು ತಂತಾನೆ ಸಣ್ಣದಾಗತ್ತೆ."

"ಗಾಡಿ ವಿಚಾರ?"

"ಡ್ರೈವರು ಕುಡಿದಿದ್ದ ಅಂದ್ಮೇಲೆ ಗಾಡೀನ ಯಾರು ಕೇಳ್ತಾರೆ?"

ಆ ಕೊನೆಯ ಮಾತೇ ನನಗೆ ಹಿಡಿಸಿದ್ದು. ಮೂರು ಸಾಮಾನಿದ್ದರೆ ಅಗ್ಗದ್ದನ್ನು ಆರಿಸುವುದು ನನ್ನ ಅಭ್ಯಾಸ. ಇವೂ ಹಾಗೇ, ಒಂದೇ ತಪ್ಪಿಗೆ ಮೂರು ಬೆಲೆ ಅಂದುಕೊಂಡೆ. ಡ್ರೈವರನ್ನು ಕರೆದು ಹೇಳಿದೆ: "ಕುಡಿದಿದ್ದೆ ಅಂತ ಒಪ್ಕೋ. ಜುಲ್ಮಾನೆ ನಾನು ಕಟ್ತೀನಿ. ಕೇಸು ಮುಗಿಯೋ ತನಕ ಅರ್ಧ ಸಂಬಳಾನೂ ಕೊಡ್ತೀನಿ."

ಅವನು ಸ್ವಲ್ಪ ಹೊತ್ತು ನೆಲ ನೋಡಿದ. "ಹೂಂ ಯಜಮಾನ್ರೇ" ಅಂದ.

ಆ ದಿನಗಳಲ್ಲಿ ಜಯನಗರದಲ್ಲಿ ಮನೆ ಕಟ್ಟಿಸುತ್ತಿದ್ದ ಒಬ್ಬ ವಕೀಲರಿಗೆ ನಾನು ಕಲ್ಲು ಹಾಕುತ್ತಿದ್ದೆ. ಲೋಡು ಯಾಕೆ ನಿಂತಿತು ಅಂತ ಅವರು ಕೇಳಿದಾಗ ಎಲ್ಲ ಹೇಳಿದೆ. ಎಷ್ಟು ಕಡಿಮೆಯಲ್ಲಿ ಮುಗಿಸುತ್ತಿದ್ದೇನೆ ಅಂತ ಸ್ವಲ್ಪ ಜಂಬವನ್ನೂ ಸೇರಿಸಿದೆ. ಅವರು ನಗಲಿಲ್ಲ. ಅರ್ಧ ಕಟ್ಟಿದ ಗೋಡೆಯ ಮೇಲೆ ಕೂರಿಸಿಕೊಂಡರು.

"ಒಂದೇ ತಪ್ಪಿಗೆ ಮೂರು ಬೆಲೆ ಅಂದ್ಕೊಂಡ್ರಾ? ಇವು ಮೂರು ಬೇರೆ ಬೇರೆ ಪ್ರಶ್ನೆ ಕಣ್ರೀ. ನೂರ ಹದಿನೇಳು ಅವನ ಮೈ ಬಗ್ಗೆ ಕೇಳತ್ತೆ. ಗಾಡಿ ಹತೋಟಿಗೆ ಸಿಗದಷ್ಟು ಅಮಲಿತ್ತೋ ಇಲ್ಲವೋ ಅಂತ. ಬರೀ ಕುಡಿದಿದ್ದರೆ ಸಾಲದು, ವಾಸನೆ ಬಂದರೂ ಸಾಲದು. ಇನ್ನೂರ ಎಪ್ಪತ್ತೊಂಬತ್ತು, ಓಡಿಸಿದ ರೀತಿ ಬಗ್ಗೆ. ಅಲ್ಲಿ ಕುಡಿದಿರಲೇಬೇಕು ಅಂತಿಲ್ಲ, ಕಾಫಿ ಕುಡಿದು ದುಡುಕಿದರೂ ಅದೇ. ಮುನ್ನೂರ ಮೂವತ್ತೆಂಟು, ಆ ಅಜಾಗ್ರತೆಯಿಂದಲೇ ಕಾಲು ಮುರಿಯಿತಾ ಅಂತ. ಈಗ ಹೇಳಿ, ಮೊದಲನೆಯದನ್ನ ಅವನೇ ಒಪ್ಪಿಕೊಂಡರೆ ಮಿಕ್ಕ ಎರಡರಲ್ಲಿ ಸರ್ಕಾರಿ ವಕೀಲರಿಗೆ ಏನು ಕೆಲಸ ಉಳೀತು? 'ಸ್ವಾಮಿ, ಹತೋಟಿ ಇರಲಿಲ್ಲ ಅಂತ ಅವನೇ ಹೇಳಿದ್ದಾನೆ' ಅಂತಾರೆ, ಕೂತ್ಕೋತಾರೆ."

ಅವರು ಅಲ್ಲಿಗೇ ಬಿಡಲಿಲ್ಲ.

"ಇನ್ನೂ ಇದೆ. ನೂರ ಹದಿನೇಳರಲ್ಲಿ ಶಿಕ್ಷೆ ಆದರೆ ಲೈಸೆನ್ಸು ಕನಿಷ್ಠ ಆರು ತಿಂಗಳು ರದ್ದು. ಮ್ಯಾಜಿಸ್ಟ್ರೇಟರಿಗೆ ಬಿಡೋಣ ಅನ್ನಿಸಿದರೂ ಬಿಡೋ ಹಾಗಿಲ್ಲ. ಆಮೇಲೆ ಲೈಸೆನ್ಸಿನ ಮೇಲೆ 'ಕುಡಿದು ಓಡಿಸಿದವನು' ಅಂತ ಬರಹ ಇರೋ ಮನುಷ್ಯನಿಗೆ ನೀವು ಗಾಡಿ ಕೊಡ್ತೀರಾ?"

ಕೊಡುವುದಿಲ್ಲ. ಅದು ನನಗೆ ತಕ್ಷಣ ಗೊತ್ತಾಯಿತು.

ಕೇಸು ಹಿಡಿಯಿರಿ ಅಂತ ಕೇಳಿಕೊಂಡೆ. ಅವರು ಫೀಸು ಹೇಳಿದರು. ಬಾಯಿ ಸುಮ್ಮನಿರಬೇಕಲ್ಲ, "ಸ್ವಲ್ಪ ನೋಡ್ಕೊಂಡು ಮಾಡಿ ಸಾರ್" ಅಂದೆ.

"ನಿಮ್ಮ ಕಲ್ಲಿಗೆ ನಾನು ಚೌಕಾಸಿ ಮಾಡಿದ್ನೇನ್ರೀ?"

"ಮಾಡಿದ್ರಿ ಸಾರ್. ಎರಡು ದಿನ."

ಆಗ ಮಾತ್ರ ಅವರು ನಕ್ಕರು. ಫೀಸು ಇಳಿಸಲಿಲ್ಲ.

ಮಾರನೇ ದಿನ ಡ್ರೈವರನ್ನು ಅವರ ಆಫೀಸಿಗೆ ಕರೆದುಕೊಂಡು ಹೋದೆ. ಅವತ್ತು ಡ್ರೈವರನ್ನು ಪರೀಕ್ಷಿಸಿದ್ದ ಡಾಕ್ಟರ ಸರ್ಟಿಫಿಕೇಟಿನ ನಕಲು ಮೇಜಿನ ಮೇಲಿತ್ತು. ಆಗ ಬಾಯಿಗೆ ಇಟ್ಟು ಊದಿಸುವ ಯಂತ್ರ ಇರಲಿಲ್ಲ. ಡಾಕ್ಟರ ಕಣ್ಣು, ಮೂಗುಗಳೇ ಯಂತ್ರ. ಇಂಗ್ಲಿಷಿನಲ್ಲಿದ್ದ ಅದನ್ನು ವಕೀಲರು ಓದಿ ಹೇಳಿದರು: ಉಸಿರಿನಲ್ಲಿ ಮದ್ಯದ ವಾಸನೆ ಇದೆ. ಮಾತು ಸ್ಪಷ್ಟ. ಗೆರೆಯ ಮೇಲೆ ನೆಟ್ಟಗೆ ನಡೆದ. ಕಣ್ಣು ಮುಚ್ಚಿ ಬೆರಳನ್ನು ಮೂಗಿಗೆ ಸರಿಯಾಗಿ ಮುಟ್ಟಿಸಿದ. ಕೊನೆಯ ಸಾಲು, 'ಮದ್ಯ ಸೇವಿಸಿದ್ದಾನೆ.' ಅಮಲಿತ್ತೋ ಇಲ್ಲವೋ, ಅದನ್ನು ಬರೆದಿರಲಿಲ್ಲ. ಪೊಲೀಸರು ಕೊನೆಯ ಸಾಲು ಮಾತ್ರ ಓದಿದ್ದರು.

ವಕೀಲರು ಡ್ರೈವರ ಕಡೆ ತಿರುಗಿದರು. "ಅವತ್ತು ನಿನಗೆ ಅಮಲು ಏರಿತ್ತೇನಪ್ಪ?"

ಡ್ರೈವರು ನನ್ನ ಮುಖ ನೋಡಿದ.

"ಅಲ್ಲಿ ಯಾಕೆ ನೋಡ್ತೀಯ? ನಿನ್ನ ತಲೆ ತಿರುಗ್ತಿತ್ತಾ ಅಂತ ಅವರು ಹೇಳಬೇಕಾ?"

"ಯಜಮಾನ್ರು ಹೇಳಿದ ಹಾಗೆ ಸ್ವಾಮಿ."

ವಕೀಲರು ಪೆನ್ನು ಕೆಳಗಿಟ್ಟರು. ನನಗೆ ಹೊರಗೆ ಕೂರಲು ಹೇಳಿದರು. ಬೆಂಚಿನ ಮೇಲೆ ಕೂತಿದ್ದೆ. ಅರ್ಧ ಗಂಟೆಯಾದ ಮೇಲೆ ಅವರೇ ಎದ್ದು ಬಂದರು.

"ಎಲ್ಲ ಹೇಳಿದ. ಗುಟುಕಿನ ವಿಚಾರ, ಬ್ರೇಕಿನ ವಿಚಾರ, ಎರಡೂ. ಮೋಟಾರು ಕಾಯಿದೇಲಿ ನಾಲ್ಕನೇದೊಂದು ಪ್ರಶ್ನೆ ಇದೆ, ನೂರ ಇಪ್ಪತ್ತೊಂದು. ಗಾಡಿ ಕೆಟ್ಟಿದೆ ಅಂತ ಗೊತ್ತಿದ್ದೂ ರಸ್ತೆಗೆ ಬಿಟ್ಟಿದ್ದು ಯಾರು ಅಂತ. ಅದನ್ನ ಇನ್ನೂ ಯಾರೂ ಕೇಳಿಲ್ಲ."

"ಕೇಳ್ತಾರಾ?"

"ನಾನು ಅವನ ವಕೀಲ. ಫೀಸು ನೀವು ಕೊಟ್ಟಿರಬಹುದು, ಆದರೆ ಒಂದು ಕೇಸಲ್ಲಿ ಒಬ್ಬರಿಗೇ ವಕೀಲ ಆಗೋಕಾಗೋದು. ಅಮಲು ಇರಲಿಲ್ಲ ಅಂದ್ಮೇಲೆ ಗಾಡಿ ಯಾಕೆ ನಿಲ್ಲಲಿಲ್ಲ ಅಂತ ಕೋರ್ಟು ಕೇಳೇ ಕೇಳತ್ತೆ. ಅದಕ್ಕೆ ಉತ್ತರ ಗೊತ್ತಿರೋರು ನೀವು. ಸಾಕ್ಷಿಗೆ ಬಂದು ಹೇಳಿದರೆ ನಿಮ್ಮ ಮೇಲೆ ಕೇಸಾಗತ್ತೆ, ಪರ್ಮಿಟ್ಟಿಗೂ ತೊಂದರೆ. ಬರದಿದ್ದರೆ ಅವನ ಮಾತನ್ನ ಯಾರೂ ನಂಬಲ್ಲ. ಯೋಚನೆ ಮಾಡಿ."

ಯೋಚನೆ ಮಾಡಿದೆ. ಆದರೆ ನಾನು ಮಾಡಿದ ಯೋಚನೆ ಬೇರೆ. ಟೈಲರು ಬ್ರೇಕಿನ ಮಾತೆತ್ತದಿದ್ದರೆ, ಗಾಯದ ಕೇಸನ್ನು ರಾಜಿಗೆ ಬಿಟ್ಟುಕೊಟ್ಟರೆ, ನಾನು ಸಾಕ್ಷಿ ಕಟ್ಟೆ ಹತ್ತುವ ಪ್ರಸಂಗವೇ ಬರುವುದಿಲ್ಲ ಅನ್ನಿಸಿತು. ಮೋಸಂಬಿ, ಬ್ರೆಡ್ಡು ಹಿಡಿದುಕೊಂಡು ಯಡಿಯೂರಿಗೆ ಹೋದೆ.

ಆಸ್ಪತ್ರೆಯಿಂದ ಆಗ ತಾನೇ ಮನೆಗೆ ಬಂದಿದ್ದರು. ಹೊಲಿಗೆ ಮಿಷನ್ನಿನ ಪಕ್ಕದಲ್ಲೇ ಮಂಚ. ತೊಡೆಯವರೆಗೆ ಪ್ಲಾಸ್ಟರು. ಅವರ ಹೆಂಡತಿ ಮಿಷನ್ನಿನ ಮುಂದೆ ಕೂತು, ಗಂಡ ಹೇಳಿಕೊಟ್ಟ ಹಾಗೆ ಬಟ್ಟೆ ಹೊಲಿಯುತ್ತಿದ್ದರು.

"ನಿಧಾನ ತುಳಿಯೇ, ದಾರ ಕಿತ್ತೋಗತ್ತೆ... ಬನ್ನಿ, ಕೂತ್ಕೊಳ್ಳಿ. ನೀವು ಲಾರಿಯವರಲ್ವಾ?"

ನಾನು ಬಂದ ಕೆಲಸ ಹೇಳಿದೆ. ಆಸ್ಪತ್ರೆ ಖರ್ಚು, ಕಾಲು ಸರಿಹೋಗುವ ತನಕ ಮನೆ ಖರ್ಚು, ಎಲ್ಲ ನನ್ನದು ಅಂದೆ. ಅವರು ತಲೆಯಾಡಿಸುತ್ತ ಕೇಳಿಸಿಕೊಂಡರು. ಕೊನೆಗೆ ಮೆಲ್ಲನೆ ಸೇರಿಸಿದೆ: "ಕೋರ್ಟಲ್ಲಿ ಬೇರೆ ಏನಾದ್ರೂ ಕೇಳಿದ್ರೆ, ಎಲ್ಲಾ ಕ್ಷಣದಲ್ಲಿ ಆಗೋಯ್ತು, ಏನೂ ಗೊತ್ತಾಗಲಿಲ್ಲ ಅಂದ್ಬಿಡಿ."

"ಏನೂ ಅಂದ್ರೆ?"

"ಅಂದ್ರೆ... ಗಾಡಿ ಸ್ಥಿತಿ ಗಿತಿ."

ಮಿಷನ್ನಿನ ಸದ್ದು ನಿಂತಿತು. ಅವರ ಹೆಂಡತಿ ನಮ್ಮ ಕಡೆ ತಿರುಗಿದ್ದರು.

ಟೈಲರು ಗಟ್ಟಿಯಾಗಿ ಮಾತಾಡುವವರಲ್ಲ. "ಸಾರ್, ಮೇಲಿಂದ ನಿಮ್ಮ ಡ್ರೈವರು 'ಬ್ರೇಕಿಲ್ಲ, ಸರ್ಕೊಳ್ಳಿ' ಅಂತ ಕಿರಿಚ್ಕೊಂಡೇ ಬಂದ. ನಾನೇ ಸರ್ಕೊಳ್ಳೋಕಾಗ್ದೆ ನಿಂತ್ಬಿಟ್ಟೆ. ಹೆಗಲ ಮೇಲೆ ಹಾಕ್ಕೊಂಡು ಓಡೋವಾಗ ಅಳ್ತಿದ್ದ. ಒಂದ್ಸಲ ಎಡವಲಿಲ್ಲ. ಅವನು ಕುಡುಕ ಅಂತ ಪೊಲೀಸ್ರು ಬರ್ಕೊಂಡು ಬಂದ್ರು, ನಾನು ಸೈನ್ ಹಾಕಲಿಲ್ಲ. ನೀವೀಗ ನಾನು ಏನೂ ಕೇಳಿಲ್ಲ ಅಂತ ಹೇಳು ಅಂತೀರಿ. ನಿಮಗೂ ಅವರಿಗೂ ಏನು ವ್ಯತ್ಯಾಸ?"

"ತಪ್ಪು ತಿಳ್ಕೋಬೇಡಿ ಟೈಲರ್ರೇ..."

"ಗಾಯದ ಕೇಸು ನನ್ನದಂತೆ. ಕೋರ್ಟು ಒಪ್ಪಿದ್ರೆ ನಾನು ಬಿಡಬಹುದಂತೆ. ಬಿಡ್ತೀನಿ, ಅವನಿಗೋಸ್ಕರ. ನಿಮ್ಮ ಮೋಸಂಬಿಗಲ್ಲ. ಆದರೆ ಕೇಳಿದ್ದನ್ನ ಕೇಳಿಲ್ಲ ಅನ್ನಲ್ಲ."

ಅವರ ಹೆಂಡತಿ ಮೋಸಂಬಿ ಚೀಲವನ್ನು ತಂದು ನನ್ನ ಕೈಗೇ ಕೊಟ್ಟರು.

ಯಡಿಯೂರು ಕೆರೆಯ ಏರಿಯ ಮೇಲೆ ಆ ಚೀಲ ಹಿಡಿದುಕೊಂಡು ಬಹಳ ಹೊತ್ತು ನಡೆದೆ. ಬದುಕಿನಲ್ಲಿ ಮೊದಲ ಸಲ ಒಬ್ಬರ ಮನೆಗೆ ವ್ಯಾಪಾರಕ್ಕೆ ಹೋಗಿ, ಅವರ ಬೆಲೆ ಏನು ಅಂತಲೇ ತಿಳಿಯದೆ ಹಿಂದಿರುಗಿದ್ದೆ. ವಕೀಲರು ಹೇಳಿದ್ದ ವ್ಯತ್ಯಾಸ ಆಗ ನನಗೆ ಪೂರ್ತಿ ಅರ್ಥವಾಯಿತು. ಗಾಯ ಟೈಲರದ್ದು, ಅವರು ಮನಸ್ಸು ಮಾಡಿದರೆ ಬಿಡಬಹುದು. ಕುಡಿತದ ಆರೋಪ, ದುಡುಕಿನ ಆರೋಪ ಸರ್ಕಾರದ್ದು, ಅವನ್ನು ಬಿಡುವ ಹಕ್ಕು ಯಾರಿಗೂ ಇಲ್ಲ. ಬ್ರೇಕು ನನ್ನದು. ನನ್ನದನ್ನು ಡ್ರೈವರ ತಲೆಗೆ ಕಟ್ಟಿ, ಜುಲ್ಮಾನೆ ನಾನು ಕಟ್ಟುತ್ತೇನೆ ಅಂತ ದೊಡ್ಡಸ್ತಿಕೆ ಮಾಡಿದ್ದೆ.

ವಕೀಲರ ಮನೆಗೆ ಹೋಗಿ, "ಸಾಕ್ಷಿಗೆ ನನ್ನ ಹೆಸರು ಹಾಕಿ" ಅಂದೆ.

"ನಿಮ್ಮ ಕೇಸಿಗೆ ಬೇರೆ ವಕೀಲರನ್ನ ಈಗಲೇ ನೋಡಿಕೊಳ್ಳಿ" ಅಂದರು. "ಇನ್ನೊಂದು ಮಾತು. ನೀವು ಹೇಳಿದ ಮೇಲೂ ಅವನು ಪೂರ್ತಿ ಪಾರಾಗಲ್ಲ. ಬ್ರೇಕಿಲ್ಲ ಅಂತ ಗೊತ್ತಿದ್ದೂ ಇಳಿಜಾರಿಗೆ ಬಿಟ್ಟ, ಇನ್ನೂರ ಎಪ್ಪತ್ತೊಂಬತ್ತರಲ್ಲಿ ಅದೂ ದುಡುಕೇ. ನಾನು ಉಳಿಸೋಕಾಗೋದು ಅವನ ಲೈಸೆನ್ಸನ್ನ."

ವಿಚಾರಣೆ ನಾಲ್ಕು ವಾಯಿದೆಗಳಲ್ಲಿ ನಡೆಯಿತು. ಪೇದೆ ವಾಸನೆಯ ಬಗ್ಗೆ ಹೇಳಿದ. ಡಾಕ್ಟರನ್ನು ನಮ್ಮ ವಕೀಲರು ಒಂದೇ ಪ್ರಶ್ನೆಯ ಸುತ್ತ ತಿರುಗಿಸಿದರು. ನಡಿಗೆ ಹೇಗಿತ್ತು, ಮಾತು ಹೇಗಿತ್ತು, ಬೆರಳು ಎಲ್ಲಿ ಮುಟ್ಟಿತು. ಕೊನೆಗೆ ಡಾಕ್ಟರು, "ಕುಡಿದಿದ್ದು ನಿಜ. ವಾಹನ ಹತೋಟಿಗೆ ಸಿಗದಷ್ಟು ಅಮಲಿತ್ತು ಅಂತ ನಾನು ಹೇಳಲಾರೆ" ಅಂದರು. ಟೈಲರು ಊರುಗೋಲಿನ ಮೇಲೆ ಬಂದರು. ಕೂತು ಹೇಳಬಹುದು ಅಂದರೂ ನಿಂತೇ ಹೇಳಿದರು. ಕೇಳಿದ್ದನ್ನು ಕೇಳಿದ ಹಾಗೆ.

ನನ್ನ ಸರದಿ ಬಂತು. ಬೊಗಸೆಗೆ ಸರಾಯಿ ಸುರಿದವನು ನಾನು ಅಂದೆ. ಬೇಡ ಅಂದಿದ್ದ, ಬಲವಂತ ಮಾಡಿದೆ ಅಂದೆ. ಬ್ರೇಕಿನ ವಿಚಾರ ಹದಿನೈದು ದಿನದಿಂದ ಹೇಳುತ್ತಿದ್ದ ಅಂದೆ.

ಸರ್ಕಾರಿ ವಕೀಲರು ಬಿಡಲಿಲ್ಲ. "ನಿಮ್ಮ ಡ್ರೈವರನ್ನು ಉಳಿಸಿಕೊಳ್ಳೋಕೆ ಕಥೆ ಕಟ್ಟುತ್ತಿದ್ದೀರಿ. ಇಷ್ಟು ದಿನ ಯಾಕೆ ಹೇಳಲಿಲ್ಲ?"

"ಹೇಳಿದ್ರೆ ನನಗೆ ನಷ್ಟ ಆಗ್ತಿತ್ತು ಸ್ವಾಮಿ."

ಮ್ಯಾಜಿಸ್ಟ್ರೇಟರು ಬರೆಯುವುದನ್ನು ನಿಲ್ಲಿಸಿ ಕನ್ನಡಕದ ಮೇಲಿಂದ ನೋಡಿದರು. "ಈಗ ಆಗಲ್ವಾ?"

"ಆಗತ್ತೆ ಸ್ವಾಮಿ."

ಅವರು ಅದನ್ನೂ ಬರೆದುಕೊಂಡರು.

ತೀರ್ಪಿನ ದಿನ ಓದಿದ್ದು ಇಷ್ಟು. ಕುಡಿತದ ಆರೋಪ ಸಾಬೀತಾಗಿಲ್ಲ, ಬಿಡುಗಡೆ. ಗಾಯದ ಆರೋಪ ಟೈಲರ ಒಪ್ಪಿಗೆಯಿಂದ, ಕೋರ್ಟಿನ ಅನುಮತಿಯಿಂದ ರಾಜಿ. ದುಡುಕಿನ ಆರೋಪದಲ್ಲಿ ಡ್ರೈವರು ತಪ್ಪಿತಸ್ಥ, ಜುಲ್ಮಾನೆ. ಲೈಸೆನ್ಸು ಮುಟ್ಟಲಿಲ್ಲ. ನನ್ನ ಮೇಲೆ ಪೊಲೀಸರು ಬೇರೆ ಕೇಸು ಹಾಕಿದರು. ಅದರಲ್ಲಿ ನಾನೇ ತಪ್ಪೊಪ್ಪಿಕೊಂಡೆ. ಪರ್ಮಿಟ್ಟು ಕೆಲವು ತಿಂಗಳು ಅಮಾನತಾಯಿತು. ಮಳೆಗಾಲ ಪೂರ್ತಿ ಲಾರಿ ಶೆಡ್ಡಿನಲ್ಲೇ ನಿಂತಿತು. ಅವೆಲ್ಲ ಆಮೇಲಿನ ಮಾತು.

ಯಾರಿಗಾದರೂ ಇಂಥ ಕೇಸು ಬಂದರೆ ನಾನು ಹೇಳುವುದು ಇದು. ಯಾವುದಕ್ಕೆ ಜುಲ್ಮಾನೆ ಕಡಿಮೆ ಅಂತ ಕೇಳಬೇಡಿ. ಈ ಕಲಮು ಕೇಳುತ್ತಿರುವ ಪ್ರಶ್ನೆ ಏನು, ಅದನ್ನು ಯಾರಿಗೆ ಕೇಳುತ್ತಿದೆ, ಇದನ್ನು ವಿಚಾರಿಸಿ. ಡಾಕ್ಟರ ಕಾಗದವನ್ನು ಮೊದಲ ಸಾಲಿನಿಂದ ಓದಿಸಿ. ನಿಮ್ಮ ಡ್ರೈವರು ಉತ್ತರ ಹೇಳುವ ಮೊದಲು ನಿಮ್ಮ ಮುಖ ನೋಡಿದರೆ, ಎದ್ದು ಹೊರಗೆ ಹೋಗಿ.

ತೀರ್ಪಾದ ದಿನ ಗುಮಾಸ್ತರು ಲೈಸೆನ್ಸು ವಾಪಸು ಕೊಟ್ಟರು. ಡ್ರೈವರು ಅದರ ಒಂದೊಂದು ಹಾಳೆಯನ್ನೂ ತಿರುವಿ ನೋಡಿ, ಅಂಗಿಯ ಒಳಜೇಬಿಗೆ ಇಟ್ಟುಕೊಂಡ. ಕೋರ್ಟಿನ ಮೆಟ್ಟಿಲಿಳಿಯುತ್ತ ನಾನೇ ಮಾತು ತೆಗೆದೆ.

"ಬ್ರೇಕು ನಾಲ್ಕೂ ಗಾಲಿಗೆ ಹೊಸದು ಹಾಕಿಸ್ತೀನಿ ಕಣೋ. ಗಾಡಿ ರಸ್ತೆಗಿಳಿಯೋ ದಿನ ಹೇಳಿ ಕಳಿಸ್ತೀನಿ. ಬಾ."

ಅವನು ಒಂದು ಮೆಟ್ಟಿಲು ಕೆಳಗೆ ನಿಂತ. ಈ ಸಲ ನೆಲ ನೋಡಲಿಲ್ಲ.

"ನೀವು ನನಗೋಸ್ಕರ ಮಾಡಿದ್ದನ್ನ ಮರೆಯಲ್ಲ ಯಜಮಾನ್ರೇ. ಆದರೆ ನಿಮ್ಮೆದುರು ಬೇಡ ಅನ್ನೋ ಮಾತು ನನ್ನ ಬಾಯಲ್ಲಿ ನಿಲ್ಲೋದೇ ಇಲ್ಲ. ಬ್ರೇಕಿಲ್ಲ ಅಂತ ಗೊತ್ತಿದ್ದೂ ಗಾಡಿ ಹತ್ತಿದೆ. ಬೇಡ ಬೇಡ ಅಂತಾನೇ ಕುಡಿದೆ. ಕುಡುಕ ಅಂತ ಒಪ್ಕೋ ಅಂದ್ರಿ, ಅದಕ್ಕೂ ಹೂಂ ಅಂದೆ. ಇನ್ನು ಬೇರೆ ಎಲ್ಲಾದ್ರೂ ಓಡಿಸ್ತೀನಿ."

ಸಂಬಳ ಹೆಚ್ಚು ಮಾಡುತ್ತೇನೆ ಅನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಎಷ್ಟು ಅಂತ ಅಂದಾಜೂ ಹಾಕಿಬಿಟ್ಟಿದ್ದೆ. ಹೇಳಿದ್ದರೆ ಅವನು ಹೂಂ ಅಂದುಬಿಡುತ್ತಿದ್ದ ಅಂತ ಗೊತ್ತಿತ್ತು.

ಹೇಳಲಿಲ್ಲ. "ಆಗಲಿ, ಹೋಗು" ಅಂದೆ. ಅವನು ಕೈ ಮುಗಿದು, ಬಸ್ ಸ್ಟಾಪಿನ ಕಡೆ ನಡೆದ.